ಮನೆಯಂಗಳದಲ್ಲಿ ಜಪಾನೀ ಪದ್ಧತಿಯ ಶಿಲೋದ್ಯಾನ

(ರಾಯಚೂರು, ದೇವದುರ್ಗ, ಮಾನವಿ ಸೀಮೆಯ ಗ್ರಾಮಪ್ರಮುಖರಿಗೂ ಭೂಮಾಲಿಕರಿಗೂ)

ರಾಯಚೂರು ನಗರದಲ್ಲಿಯೂ ದೇವದುರ್ಗ, ಮಾನವಿ ಮೊದಲಾದ ತಾಲ್ಲೂಕು ಕೇಂದ್ರಗಳಲ್ಲಿಯೂ ಅನುಕೂಲಸ್ಥರು ಹೊಸ ಮನೆ ಕಟ್ಟಿಸಿದಾಗ ಅದರ ಮುಂಭಾಗದಲ್ಲಿ ತೋಟವೊಂದನ್ನು ಬಯಸುವುದು ಸಹಜವಾಗಿದೆ. ಈ ಬಯಕೆಯಲ್ಲಿ ಆಕ್ಷೇಪಿಸತಕ್ಕದ್ದು ಏನೂ ಇಲ್ಲ. ದಿನವೆಲ್ಲ ಹೊಲದ ಬಿಸಿಲಿನಲ್ಲಿ ತಿರುಗಿ ಬಂದವನಿಗೆ ಪಡಸಾಲೆಯಲ್ಲಿ ಕುಳಿತು ಕಣ್ಣಿಗೆ ತಂಪಾದುದೊಂದನ್ನು ನೋಡುವ ಅನುಕೂಲ ಇರಬೇಕು. ಆದರೆ ತೋಟವೆಂದ ಕೂಡಲೆ ಹುಲ್ಲುಹಾಸು, ಸಿಮೆಂಟಿನ ಕಾರಂಜಿ, ದೂರದ ತಂಪು ಸೀಮೆಗಳಿಂದ ತಂದ ಕೋಮಲ ಸಸ್ಯಗಳು ಎಂದು ತಿಳಿಯುವುದು ಈ ಪ್ರಾಂತಕ್ಕೆ ಹೊಂದತಕ್ಕ ಮಾತಲ್ಲ.

ಇದನ್ನು ಲೆಕ್ಕದಿಂದಲೇ ನೋಡಬಹುದು. ಒಂದು ಗುಂಟೆಯೆಂದರೆ 1089 ಚದರ ಅಡಿ, ಅಂದರೆ ಸುಮಾರು 101 ಚದರ ಮೀಟರು. ಬೇಸಿಗೆಯಲ್ಲಿ ಹುಲ್ಲುಹಾಸಿಗೆ ದಿನಕ್ಕೆ 5 ಮಿಲಿಮೀಟರಿನಷ್ಟು ನೀರು ಬೇಕೆಂದು ಹಿಡಿದರೂ, ಒಂದು ಗುಂಟೆಗೆ ದಿನಂಪ್ರತಿ 500 ಲೀಟರಿಗೆ ಕಡಿಮೆಯಾಗದಷ್ಟು ನೀರನ್ನು ಸುರಿಯಬೇಕಾಗುತ್ತದೆ. 15 ಲೀಟರಿನ ಕೊಡದ ಲೆಕ್ಕದಲ್ಲಿ ಇದು 33 ಕೊಡ. ಒಂದು ಎತ್ತು ಬೇಸಿಗೆಯಲ್ಲಿ ದಿನಕ್ಕೆ 50 ಲೀಟರು ಕುಡಿಯುವುದೆಂದರೆ, ಹತ್ತು ಎತ್ತುಗಳ ನೀರನ್ನು ಆ ಹುಲ್ಲು ಕುಡಿಯುತ್ತದೆ, ಮೇವಾಗಿಯಾದರೂ ಒದಗುವುದಿಲ್ಲ. ಊರಿನ ಹೆಣ್ಣುಮಕ್ಕಳು ನಳದ ಮುಂದೆ ಕೊಡಗಳನ್ನು ಸಾಲಾಗಿಟ್ಟು ಕಾಯುತ್ತಿರುವ ತಿಂಗಳಿನಲ್ಲಿ ಊರ ಮುಖ್ಯಸ್ಥನ ಅಂಗಳದಲ್ಲಿ ಕಾರಂಜಿ ಹಾರುತ್ತಿದ್ದರೆ ಅದರಿಂದ ಮನೆತನಕ್ಕೆ ಶೋಭೆ ಬರಲಾರದು.

ನೀರನ್ನು ಬಹು ಸ್ವಲ್ಪವಾಗಿ ಬಳಸಿ, ಕಲ್ಲನ್ನೇ ಮುಖ್ಯ ದ್ರವ್ಯವನ್ನಾಗಿ ಮಾಡಿಕೊಂಡು ತೋಟವನ್ನು ರಚಿಸುವ ಪದ್ಧತಿಯೊಂದು ಜಪಾನು ದೇಶದಲ್ಲಿ ಅನೇಕ ಶತಮಾನಗಳಿಂದ ಬೆಳೆದುಬಂದಿದೆ. ಕಲ್ಲಿಗೆ ಬರವಿಲ್ಲದ ರಾಯಚೂರು ಸೀಮೆಯಲ್ಲಿ ಅದನ್ನು ಹೇಗೆ ಅಳವಡಿಸಿಕೊಳ್ಳಬಹುದೆಂಬುದನ್ನು ಮುಂದೆ ವಿವರಿಸಲಾಗಿದೆ.

ಪದ್ಧತಿಯ ಮೂಲ

ಜಪಾನಿನ ತೋಟಗಾರಿಕೆಯ ಮೂಲದಲ್ಲಿ ಭಾರತದ ಕಲ್ಪನೆಯೊಂದು ಅಡಗಿದೆ. ಬೌದ್ಧಧರ್ಮವು ಭಾರತದಿಂದ ಚೀನಕ್ಕೂ, ಅಲ್ಲಿಂದ ಕೊರಿಯಕ್ಕೂ, ತರುವಾಯ ಜಪಾನಿಗೂ ಹೋದಾಗ ಅದರ ಸಂಗಡ ಮೇರುಪರ್ವತದ ಕಲ್ಪನೆಯೂ ಹೋಯಿತು. ಜಪಾನಿನ ಪ್ರಾಚೀನ ಇತಿಹಾಸ ಗ್ರಂಥವಾದ ‘ನಿಹೋನ್ ಶೋಕಿ’ಯ ಪ್ರಕಾರ, 612ರಲ್ಲಿ ಕೊರಿಯದ ಕಡೆಯಿಂದ ಬಂದ ಕುಶಲಿಗನೊಬ್ಬನು ಅರಮನೆಯ ಅಂಗಳದಲ್ಲಿ ಸುಮೇರು ಪರ್ವತದ ಆಕೃತಿಯನ್ನು ನಿರ್ಮಿಸಿದನು. ಜಪಾನೀಯರು ಅದನ್ನು ‘ಶುಮಿಸೆನ್’ ಎನ್ನುತ್ತಾರೆ. ಇಂದಿಗೂ ಅವರ ಅನೇಕ ತೋಟಗಳಲ್ಲಿ ಎಲ್ಲಕ್ಕಿಂತ ಎತ್ತರವಾಗಿ ನಿಲ್ಲಿಸಿದ ಕಲ್ಲು ಮೇರುವನ್ನೇ ಸೂಚಿಸುತ್ತದೆ.

11ನೆಯ ಶತಮಾನದಲ್ಲಿ ‘ಸಾಕುತೇಇಕಿ’ ಎಂಬ ಗ್ರಂಥವು ಹುಟ್ಟಿತು. ತೋಟದ ರಚನೆಯನ್ನು ಕುರಿತು ಉಳಿದಿರುವ ಜಪಾನೀ ಗ್ರಂಥಗಳಲ್ಲಿ ಇದೇ ಅತ್ಯಂತ ಹಳೆಯದು. ಇದರ ಮುಖ್ಯ ವಿಷಯ ಕಲ್ಲುಗಳನ್ನು ನಿಲ್ಲಿಸುವ ಕ್ರಮ. ಕಲ್ಲಿನ ಸ್ವಭಾವವನ್ನು ಅರಿತು, ಮೊದಲನೆಯ ಕಲ್ಲು ಎಂಥ ಜೊತೆಯನ್ನು ಅಪೇಕ್ಷಿಸುವುದೋ ಅಂಥದನ್ನೇ ಎರಡನೆಯದಾಗಿ ಇಡಬೇಕೆಂಬುದು ಅದರ ತತ್ತ್ವ.

ಕ್ಯೋಟೋ ನಗರದ ರ್‍ಯೋಆನ್‌ಜಿ ಎಂಬ ದೇವಾಲಯದ ಶಿಲೋದ್ಯಾನವು ಇವುಗಳಲ್ಲಿ ಲೋಕಪ್ರಸಿದ್ಧವಾದುದು. ಅದರ ವಿಸ್ತಾರ ಎರಡೂವರೆ ಗುಂಟೆಯಷ್ಟು ಮಾತ್ರ. ಅದರಲ್ಲಿ ಮರವಿಲ್ಲ, ಕೊಳವಿಲ್ಲ. ಬಿಳಿಯ ಹರಳುಮರಳಿನ ಮೇಲೆ 15 ಕಲ್ಲುಗಳು ಐದು ಗುಂಪುಗಳಾಗಿ ನಿಂತಿವೆ; ಅವುಗಳ ಬುಡದಲ್ಲಿ ಅಷ್ಟಿಷ್ಟು ಪಾಚಿಯಿದೆ. ಜಗಲಿಯ ಮೇಲೆ ಯಾವ ಕಡೆ ಕುಳಿತರೂ ಒಂದಲ್ಲ ಒಂದು ಕಲ್ಲು ಮತ್ತೊಂದರ ಮರೆಯಾಗುತ್ತದೆ. 1994ರಲ್ಲಿ ಇದು ಕ್ಯೋಟೋವಿನ ಇತರ ಪ್ರಾಚೀನ ಸ್ಥಳಗಳೊಡನೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ತೋಟದ ಬಗೆಗಳು

ಜಪಾನೀ ತೋಟಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆಗಳನ್ನು ಹೇಳಬಹುದು. ಮೊದಲನೆಯದು ಕೊಳ ಮತ್ತು ಕೃತಕ ಗುಡ್ಡಗಳುಳ್ಳ ದೊಡ್ಡ ತೋಟ. ಎರಡನೆಯದು ‘ಕಾರೆಸಾನ್‌ಸುಯಿ’, ಅಂದರೆ ನೀರಿಲ್ಲದ ಬೆಟ್ಟ-ಹೊಳೆಯ ತೋಟ; ಇಲ್ಲಿ ಕಲ್ಲೇ ಬೆಟ್ಟ, ಗೆರೆಯೆಳೆದ ಹರಳೇ ಹೊಳೆ. ಮೂರನೆಯದು ಚಹಾ ಸೇವನೆಯ ಕುಟೀರಕ್ಕೆ ನಡೆದು ಹೋಗುವ ಹಾದಿತೋಟ. 16ನೆಯ ಶತಮಾನದ ಸೆನ್ ನೋ ರಿಕ್ಯೂ (1522–1591) ಎಂಬ ಚಹಾ ಗುರುವಿನ ಕಾಲದಲ್ಲಿ ಇದು ಪರಿಷ್ಕಾರ ಹೊಂದಿತು. ನಾಲ್ಕನೆಯದು ‘ತ್ಸುಬೋನಿವಾ’, ಅಂದರೆ ಮನೆಯ ಗೋಡೆಗಳ ನಡುವೆ ಉಳಿದ ಅಂಗೈಯಗಲದ ಅಂಗಳದ ತೋಟ.

ಇವುಗಳಲ್ಲಿ ಮೊದಲನೆಯದನ್ನು ಈ ಸೀಮೆಯಲ್ಲಿ ಯತ್ನಿಸುವುದು ಸಲ್ಲದು. ಎರಡನೆಯದೂ ನಾಲ್ಕನೆಯದೂ ಇಲ್ಲಿಗೆ ಚೆನ್ನಾಗಿ ಹೊಂದುತ್ತವೆ. ಹಳೆಯ ವಾಡೆಗಳ ನಡುಮನೆಯ ತೆರೆದ ಅಂಗಳವು ನಾಲ್ಕನೆಯ ಬಗೆಗೆ ಹೇಳಿ ಮಾಡಿಸಿದಂತಿರುತ್ತದೆ. ಹಾದಿತೋಟದಿಂದ ಹೆಜ್ಜೆಗಲ್ಲು ಮತ್ತು ಕೈತೊಳೆಯುವ ಕಲ್ಲುಪಾತ್ರೆಗಳೆರಡನ್ನು ತೆಗೆದುಕೊಂಡರೆ ಸಾಕು.

ಈ ಸೀಮೆಯ ಹವೆಯೂ ನೆಲವೂ

ಕ್ಯೋಟೋವಿನಲ್ಲಿ ವರ್ಷಕ್ಕೆ ಸುಮಾರು 1500 ಮಿಲಿಮೀಟರು ಮಳೆ ಬೀಳುತ್ತದೆ. ರಾಯಚೂರು ಜಿಲ್ಲೆಯ ಸರಾಸರಿ 600 ಮಿಲಿಮೀಟರಿನ ಆಸುಪಾಸಿನಲ್ಲಿದೆ. ಅದೂ ಬಹುಪಾಲು ಜೂನಿನಿಂದ ಅಕ್ಟೋಬರಿನೊಳಗೆ ಬಿದ್ದು ಹೋಗುತ್ತದೆ. ಮೇ ತಿಂಗಳಿನಲ್ಲಿ ಉಷ್ಣತೆ 40 ಡಿಗ್ರಿಯನ್ನು ಮೀರುವುದು ಇಲ್ಲಿ ವಾಡಿಕೆ. ಆದಕಾರಣ ಜಪಾನಿನ ಪಾಚಿಯನ್ನೂ ಅಲ್ಲಿಯ ಮೇಪಲ್ ಮರವನ್ನೂ ಇಲ್ಲಿಗೆ ತರುವ ಯೋಚನೆಯನ್ನು ಪ್ರಾರಂಭದಲ್ಲಿಯೇ ಬಿಡತಕ್ಕದ್ದು. ಪದ್ಧತಿಯನ್ನು ತರಬೇಕೇ ಹೊರತು ಪದಾರ್ಥಗಳನ್ನಲ್ಲ.

ಮಾನವಿ ತಾಲ್ಲೂಕಿಗೆ ತುಂಗಭದ್ರಾ ಎಡದಂಡೆ ಕಾಲುವೆಯೂ, ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆಯೂ ನೀರೊದಗಿಸುತ್ತವೆ. ಆದರೆ ಕಾಲುವೆಯ ನೀರು ವರ್ಷವೆಲ್ಲ ಹರಿಯತಕ್ಕದ್ದಲ್ಲ. ಕೊನೆಯ ಭಾಗದ ರೈತರಿಗೆ ಅದು ಸಕಾಲದಲ್ಲಿ ತಲಪುವುದೂ ಕಷ್ಟ. 2024ರ ಆಗಸ್ಟ್ ತಿಂಗಳಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೆಯ ಬಾಗಿಲು ಕೊಚ್ಚಿಹೋದಾಗ, ಕೂಡಿಟ್ಟ ನೀರು ಕೈತಪ್ಪುವುದಕ್ಕೆ ಒಂದು ರಾತ್ರಿ ಸಾಕೆಂಬುದು ಎಲ್ಲರಿಗೂ ಗೊತ್ತಾಯಿತು. ಹೀಗಿರುವಲ್ಲಿ ಕಾಲುವೆಯನ್ನಾಗಲಿ ಕೊಳವೆಬಾವಿಯನ್ನಾಗಲಿ ನಂಬಿ ಅಂಗಳದ ತೋಟವನ್ನು ಯೋಜಿಸುವುದು ವಿವೇಕವಲ್ಲ.

ನೆಲದ ವಿಷಯದಲ್ಲಿ ಎಚ್ಚರಿಕೆ ಬೇಕು. ಎರೆ ಭೂಮಿಯು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಅದರ ಮೇಲೆ ನೇರವಾಗಿ ನಿಲ್ಲಿಸಿದ ಕಲ್ಲು ಎರಡು ಮೂರು ವರ್ಷಗಳಲ್ಲಿ ಓರೆಯಾಗುವುದು ನಿಶ್ಚಯ. ಮಸಾರಿ ಭೂಮಿಯಲ್ಲಿ ಈ ತೊಂದರೆಯಿಲ್ಲ. ಎರೆ ನೆಲವುಳ್ಳವರು ಕಲ್ಲು ನಿಲ್ಲತಕ್ಕ ಜಾಗದಲ್ಲಿ 3 ಅಡಿ ಆಳಕ್ಕೆ ಮಣ್ಣನ್ನು ತೆಗೆದು, ಗರಸನ್ನು ಅರ್ಧ ಅಡಿಯ ಪದರಗಳಾಗಿ ತುಂಬಿ, ಒಂದೊಂದು ಪದರಕ್ಕೂ ನೀರು ಚಿಮುಕಿಸಿ ದಮ್ಮಸು ಮಾಡಿಸತಕ್ಕದ್ದು. ತೆಗೆದ ಎರೆ ಮಣ್ಣು ಹೊಲಕ್ಕೆ ಒದಗುತ್ತದೆ.

ಸ್ಥಳದ ಆಯ್ಕೆ

ಮನೆಯ ಉತ್ತರ ಅಥವಾ ಪೂರ್ವ ದಿಕ್ಕಿನ ಜಾಗ ಉತ್ತಮ; ಮಧ್ಯಾಹ್ನದ ತರುವಾಯ ಗೋಡೆಯ ನೆರಳು ಅಲ್ಲಿ ಬೀಳುತ್ತದೆ. ಪಶ್ಚಿಮಕ್ಕೆ ಹಾಸಿದ ಜಲ್ಲಿಯು ಸಂಜೆಯವರೆಗೆ ಕಾದು, ಆ ಕಾವನ್ನು ಕಿಟಕಿಗಳ ಮೂಲಕ ಮನೆಯೊಳಗೆ ಕಳುಹುತ್ತದೆ. 20 ಅಡಿ ಉದ್ದ, 10 ಅಡಿ ಅಗಲದ ಜಾಗವು ಸಾಧಾರಣ ಮನೆಗೆ ಸಾಕು. ಅದಕ್ಕಿಂತ ದೊಡ್ಡದನ್ನು ಮಾಡಿದರೆ ಪಾಲನೆ ಹೊರೆಯಾಗುತ್ತದೆ.

ತೋಟವನ್ನು ಯಾವ ಜಾಗದಿಂದ ನೋಡುವುದೆಂಬುದನ್ನು ಮೊದಲು ನಿಶ್ಚಯಿಸಬೇಕು. ಯಜಮಾನನು ಕುಳಿತು ಊರವರ ಸಂಗಡ ಮಾತನಾಡುವ ಕಟ್ಟೆಯೇ ಆ ಜಾಗವಾಗುವುದು ಯುಕ್ತ. ಅಲ್ಲಿ ಚಾಪೆಯ ಮೇಲೆ ಕುಳಿತು, ಕಣ್ಣಿನ ಮಟ್ಟದಿಂದ ಏನೇನು ಕಾಣುತ್ತದೆಂದು ಗುರುತು ಹಾಕಿಕೊಳ್ಳತಕ್ಕದ್ದು. ಜಪಾನೀಯರಲ್ಲಿ ‘ಶಕ್ಕೇಇ’ ಎಂಬ ಉಪಾಯವೊಂದಿದೆ. ಎಂದರೆ ದೂರದ ಬೆಟ್ಟವನ್ನು ತಮ್ಮ ತೋಟದ ಹಿನ್ನೆಲೆಯಾಗಿ ಎರವಲು ಪಡೆಯುವುದು. ರಾಯಚೂರಿನಲ್ಲಿ ಕೋಟೆಯ ಗುಡ್ಡವು ಕಾಣುವ ಮನೆಗಳಿವೆ. ದೇವದುರ್ಗ, ಮಾನವಿಗಳ ಸುತ್ತಲೂ ಗುಂಡುಬಂಡೆಗಳ ಗುಡ್ಡಗಳಿವೆ. ಅಂಥ ನೋಟವಿದ್ದಲ್ಲಿ ಆ ದಿಕ್ಕಿನ ಗೋಡೆಯನ್ನು ತಗ್ಗಿಸಿ, ಗುಡ್ಡದ ಆಕಾರವನ್ನು ಹೋಲುವ ಕಲ್ಲನ್ನು ಮುಂದೆ ನಿಲ್ಲಿಸಿದರೆ ಸಣ್ಣ ಅಂಗಳವೂ ವಿಶಾಲವಾಗಿ ತೋರುತ್ತದೆ. ಇದಕ್ಕೆ ಕಾಸಿನ ಖರ್ಚೂ ಇಲ್ಲ.

ಕಲ್ಲು: ಎಲ್ಲಿಂದ ತರಬಹುದು, ಎಲ್ಲಿಂದ ತರಬಾರದು

ಹೊಲವನ್ನು ಹಸನು ಮಾಡುವಾಗ ಎದ್ದ ಗುಂಡುಗಳೂ, ಮನೆಯ ತಳಪಾಯ ಅಥವಾ ಬಾವಿ ತೋಡುವಾಗ ಹೊರಬಿದ್ದ ಕಲ್ಲುಗಳೂ ಎಲ್ಲಕ್ಕಿಂತ ಉತ್ತಮ. ಬಿಸಿಲು ಮಳೆಗಳಿಂದ ಮೈ ಹಳತಾದ ಕಲ್ಲು ಬೇಕು. ಉಳಿಯಿಂದ ಹೊಸದಾಗಿ ಒಡೆದ ಕಲ್ಲು ಹೊಂದುವುದಿಲ್ಲ. ಬಣ್ಣ ಬಣ್ಣದ ಕಲ್ಲುಗಳನ್ನು ಕೂಡಿಸದೆ ಒಂದೇ ಜಾತಿಯ ಬೂದುಬಣ್ಣದ್ದೋ ನಸುಗೆಂಪಿನದೋ ಆದ ಗ್ರಾನೈಟನ್ನು ಆರಿಸತಕ್ಕದ್ದು.

ಈ ಕೆಳಗೆ ಹೇಳಿದ ಕಲ್ಲುಗಳನ್ನು ಮಾತ್ರ ಯಾರೂ ಮುಟ್ಟಬಾರದು.

1. ಹೊಲದ ಒಡ್ಡಿನ ಕಲ್ಲುಗಳು. ಇವು ಮಣ್ಣನ್ನು ಹಿಡಿದು ನಿಲ್ಲಿಸಿವೆ. ಅಂಗಳದ ಅಂದಕ್ಕಾಗಿ ಒಡ್ಡನ್ನು ಕಿತ್ತರೆ ಒಂದೇ ದೊಡ್ಡ ಮಳೆಗೆ ಹೊಲದ ಸಾರ ಹಳ್ಳಕ್ಕೆ ಹೋಗುತ್ತದೆ.

2. ಸರ್ವೆಯ ಬಾಂದು ಕಲ್ಲುಗಳು. ಇವನ್ನು ಕದಲಿಸುವುದು ಅಪರಾಧ. ನೆರೆಹೊರೆಯ ವ್ಯಾಜ್ಯಕ್ಕೂ ಮೂಲ.

3. ವೀರಗಲ್ಲು, ಮಾಸ್ತಿಕಲ್ಲು, ನಾಗರಕಲ್ಲು, ಕರಿಗಲ್ಲು, ಹಾಳು ಗುಡಿಯ ಕಂಬ ಮತ್ತು ಶಾಸನಗಳು. ಕೃಷ್ಣಾ-ತುಂಗಭದ್ರೆಗಳ ನಡುವಿನ ಈ ನಾಡಿನಲ್ಲಿ ಕಲ್ಲೇ ಇತಿಹಾಸ. ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನವು 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನ ಕಣ್ಣಿಗೆ ಬೀಳುವವರೆಗೆ, ಅದು ಮತ್ತೊಂದು ಬಂಡೆಯಂತೆಯೇ ಬಿದ್ದಿತ್ತು. ಅದರಲ್ಲಿ ಅಶೋಕನ ಹೆಸರೇ ಇದ್ದುದರಿಂದ, ದೇವಾನಾಂಪ್ರಿಯನೆಂಬ ರಾಜನು ಯಾರೆಂಬ ಪ್ರಶ್ನೆ ತೀರ್ಮಾನವಾಯಿತು. ಯಾರಾದರೂ ಅದನ್ನು ಒಡೆದು ಅಂಗಳಕ್ಕೆ ಸಾಗಿಸಿದ್ದರೆ ದೇಶದ ಚರಿತ್ರೆಗೆ ಎಷ್ಟು ನಷ್ಟವಾಗುತ್ತಿತ್ತೆಂಬುದನ್ನು ಯೋಚಿಸಬೇಕು. 1958ರ ಕೇಂದ್ರ ಕಾಯಿದೆಯೂ 1961ರ ರಾಜ್ಯ ಕಾಯಿದೆಯೂ ಪ್ರಾಚೀನ ಸ್ಮಾರಕಗಳಿಗೆ ರಕ್ಷಣೆ ಕೊಟ್ಟಿವೆ. ಗೆರೆ, ಅಕ್ಷರ ಅಥವಾ ಆಕೃತಿ ಕಂಡ ಕಲ್ಲನ್ನು ಇದ್ದಲ್ಲಿಯೇ ಬಿಟ್ಟು ಪುರಾತತ್ವ ಇಲಾಖೆಗೆ ತಿಳಿಸುವುದು ಗ್ರಾಮಪ್ರಮುಖನ ಕರ್ತವ್ಯ.

4. ಸರ್ಕಾರಿ ಗುಡ್ಡದ ಬಂಡೆಗಳು ಮತ್ತು ನದಿಯ ಮರಳು. ಕಲ್ಲು, ಮರಳುಗಳು 1994ರ ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳಿಗೆ ಒಳಪಟ್ಟಿವೆ, ಪರವಾನಗಿಯಿಲ್ಲದೆ ತೆಗೆಯಲಾಗದು.

ಕಲ್ಲನ್ನು ಸಾಗಿಸುವ, ನಿಲ್ಲಿಸುವ ಕ್ರಮ

ಒಂದು ಘನ ಅಡಿ ಗ್ರಾನೈಟು ಸುಮಾರು 75 ಕಿಲೋ ತೂಗುತ್ತದೆ. 3 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಗುಂಡು ನೋಡುವುದಕ್ಕೆ ಸಣ್ಣದಾಗಿ ತೋರಿದರೂ ಅರ್ಧ ಟನ್ನನ್ನು ಮೀರುತ್ತದೆ. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವುಳ್ಳ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಇದೆ. ಅಂಥ ಕಲ್ಲನ್ನು ಕೋಣಗಳ ಸಾಲು ಹೂಡಿದ ಬಂಡಿಯ ಮೇಲೆ ಸಾಗಿಸಿದ ದೃಶ್ಯವನ್ನೂ ಅಲ್ಲಿಯ ಗೋಡೆಯಲ್ಲಿ ಕೊರೆದಿದ್ದಾರೆ. ಹಿರಿಯರು ಅಂಥದನ್ನು ಎತ್ತಿ ನಿಲ್ಲಿಸಿದುದು ಹಾರೆ, ಹಗ್ಗ, ಮರದ ಉರುಳೆ ಮತ್ತು ತಾಳ್ಮೆಯ ಬಲದಿಂದ. ಈಗ ಟ್ರ್ಯಾಕ್ಟರೂ ಯಂತ್ರಗಳೂ ದೊರೆಯುವುದಾದರೂ, ಕಡೆಯ ನಾಲ್ಕು ಅಡಿಯ ಕೆಲಸವನ್ನು ನುರಿತ ಕಲ್ಲುಕೆಲಸದವರ ಕೈಯಿಂದಲೇ ಮಾಡಿಸಬೇಕು. ಕಲ್ಲಿನ ಇಳಿಜಾರಿನ ಕಡೆಗೆ ಯಾರನ್ನೂ, ವಿಶೇಷವಾಗಿ ಮಕ್ಕಳನ್ನು, ನಿಲ್ಲಗೊಡಬಾರದು.

ಕಲ್ಲನ್ನು ನಿಲ್ಲಿಸುವಲ್ಲಿ ಮುಖ್ಯವಾದ ಸೂತ್ರಗಳು ಹೀಗಿವೆ. ಸಂಖ್ಯೆ ಬೆಸವಾಗಿರಲಿ: ಮೂರು, ಐದು ಅಥವಾ ಏಳು. ಸಣ್ಣ ಅಂಗಳಕ್ಕೆ ಐದು ಸಾಕು. ಮೂರರ ಒಂದು ಗುಂಪು, ಎರಡರ ಒಂದು ಗುಂಪು. ಮೂರರ ಗುಂಪಿನಲ್ಲಿ ಒಂದು ಎತ್ತರದ್ದು, ಒಂದು ಓರೆಯಾಗಿ ಒರಗಿದಂತಿರುವುದು, ಒಂದು ಚಪ್ಪಟೆಯಾಗಿ ಮಲಗಿದ್ದು ಇರಬೇಕು. ಮೇಲಿನಿಂದ ನೋಡಿದರೆ ಮೂರೂ ಸೇರಿ ಸಮವಲ್ಲದ ತ್ರಿಕೋನವಾಗಬೇಕು. ದೊಡ್ಡ ಕಲ್ಲನ್ನು ಅಂಗಳದ ನಟ್ಟನಡುವೆ ಇಡಬಾರದು. ಒಂದು ಪಕ್ಕಕ್ಕೆ ಸರಿಸಿದರೆ ಉಳಿದ ಬಯಲಿಗೆ ಅರ್ಥ ಬರುತ್ತದೆ. ಒಂದೊಂದು ಕಲ್ಲಿನ ಮೂರನೆಯ ಒಂದು ಭಾಗ ನೆಲದೊಳಗೆ ಹುದುಗಿರಬೇಕು. ನೆಲದ ಮೇಲೆ ಇಟ್ಟಂತೆ ತೋರುವ ಕಲ್ಲು ಸಾಮಾನಿನಂತೆಯೂ, ನೆಲದಿಂದ ಎದ್ದಂತೆ ತೋರುವ ಕಲ್ಲು ಬೆಟ್ಟದಂತೆಯೂ ಕಾಣುತ್ತದೆ. ಕಲ್ಲುಗಳ ಸಂದುಗಳನ್ನು ಗರಸು ಮತ್ತು ಚೂರುಗಲ್ಲುಗಳಿಂದ ಭದ್ರವಾಗಿ ಮುಚ್ಚತಕ್ಕದ್ದು. ತೆರೆದ ಪೊಟರೆಗಳಲ್ಲಿ ಹಾವು ಚೇಳುಗಳು ಸೇರಿಕೊಳ್ಳುತ್ತವೆ.

ಜಲ್ಲಿಯ ಹಾಸು

ನೆಲವನ್ನು ಮನೆಯಿಂದ ಹೊರಕ್ಕೆ 10 ಅಡಿಗೆ 2 ಅಂಗುಲದಷ್ಟು ಇಳಿಜಾರು ಮಾಡಿ ದಮ್ಮಸು ಮಾಡಿಸಬೇಕು. 2009ರ ಅಕ್ಟೋಬರಿನ ನೆರೆಯನ್ನು ಕಂಡ ಈ ಜಿಲ್ಲೆಯವರಿಗೆ ನೀರು ಹೊರಗೆ ಹೋಗುವ ದಾರಿಯ ಮಹತ್ವವನ್ನು ಬೇರೆ ಹೇಳಬೇಕಾಗಿಲ್ಲ. ಅದರ ಮೇಲೆ 3 ಅಂಗುಲ ದಪ್ಪಕ್ಕೆ ಕಾಲಂಗುಲದ ಸಣ್ಣ ಜಲ್ಲಿಯನ್ನು ಹರಡತಕ್ಕದ್ದು. 20 ಅಡಿಗೆ 10 ಅಡಿಯ ಅಂಗಳಕ್ಕೆ 50 ಘನ ಅಡಿ, ಅಂದರೆ ಅರ್ಧ ಬ್ರಾಸ್ ಜಲ್ಲಿ ಬೇಕಾಗುತ್ತದೆ. ಕ್ರಷರಿನ ಪುಡಿಯನ್ನು ಜರಡಿ ಹಿಡಿದು ತೆಗೆದು, ಒಮ್ಮೆ ತೊಳೆದು ಹಾಸಿದರೆ ಧೂಳು ಏಳುವುದಿಲ್ಲ. ನದಿಯ ಮರಳು ಇದಕ್ಕೆ ಬೇಡ. ಆಷಾಢದ ಗಾಳಿಗೆ ಅದು ಹಾರಿಹೋಗುತ್ತದೆ, ಗೆರೆಯೂ ನಿಲ್ಲುವುದಿಲ್ಲ. ಅಚ್ಚ ಬಿಳಿಯ ಕಲ್ಲೂ ಬೇಡ. ಈ ಸೀಮೆಯ ಬಿಸಿಲಿನಲ್ಲಿ ಅದು ಕಣ್ಣನ್ನು ಕುಕ್ಕುತ್ತದೆ. ಬೂದುಬಣ್ಣದ ಜಲ್ಲಿಯೇ ಹಿತವಾದುದು.

ಗೆರೆ ಎಳೆಯುವುದಕ್ಕೆ 2 ಅಡಿ ಅಗಲದ ಮರದ ಹಲುಬೆಯೊಂದನ್ನು ಊರ ಬಡಿಗನಿಂದ ಮಾಡಿಸಿಕೊಳ್ಳಬಹುದು. ಹಲ್ಲುಗಳ ನಡುವೆ 2 ಅಂಗುಲ ಅಂತರವಿರಲಿ. ಬಯಲಿನಲ್ಲಿ ನೇರ ಗೆರೆಗಳನ್ನೂ, ಕಲ್ಲುಗಳ ಸುತ್ತ ದುಂಡು ಗೆರೆಗಳನ್ನೂ ಎಳೆಯುವುದು ಸಂಪ್ರದಾಯ. ಕಲ್ಲಿಗೆ ತಾಗಿ ಹರಿದ ಹೊಳೆಯ ಅಲೆಗಳು ಹೀಗಿರುತ್ತವೆಂಬುದನ್ನು ಬೇಸಿಗೆಯ ಕೃಷ್ಣೆಯ ದಡದಲ್ಲಿ ಬಂಡೆಗಳ ನಡುವೆ ನಿಂತು ನೋಡಿದವರು ಬಲ್ಲರು.

ಹಾದಿ, ನೀರಿನ ಪಾತ್ರೆ, ದೀಪ

ಹೆಜ್ಜೆಗಲ್ಲಿಗೆ ಒರಟು ಅಂಚಿನ ಶಹಾಬಾದಿನ ಪರಸಿಗಳು ಸಾಕು. ಒಂದರ ನಡುವಿನಿಂದ ಮತ್ತೊಂದರ ನಡುವಿಗೆ ಒಂದೂವರೆ ಅಡಿಯಿಂದ ಎರಡು ಅಡಿಯೊಳಗಿನ ಅಂತರವಿರಲಿ; ಮನೆಯ ಹಿರಿಯರೂ ಹೆಂಗಸರೂ ನಡೆದು ನೋಡಿ ಅಂತರವನ್ನು ಗೊತ್ತುಮಾಡತಕ್ಕದ್ದು. ಹಾದಿಯು ನೆಟ್ಟಗೆ ಹೋಗದೆ ಒಮ್ಮೆಯಾದರೂ ಬಾಗಿದರೆ ಎಲ್ಲವೂ ಒಂದೇ ನೋಟಕ್ಕೆ ಕಾಣದೆ, ಕಾಲು ತಡೆದು ಕಣ್ಣು ನಿಲ್ಲುತ್ತದೆ.

ಜಪಾನೀಯರು ಹಳೆಯ ಬೀಸುಕಲ್ಲುಗಳನ್ನು ಹೆಜ್ಜೆಗಲ್ಲಾಗಿ ಹಾಕುವುದುಂಟು. ನಮ್ಮಲ್ಲಿ ಅನ್ನಕ್ಕೆ ಸಂಬಂಧಿಸಿದುದನ್ನು ಕಾಲಿನಿಂದ ತುಳಿಯುವುದು ಸಮ್ಮತವಲ್ಲ; ಆದುದರಿಂದ ಅದನ್ನು ಅನುಕರಿಸುವುದು ಬೇಡ. ಮಿಕ್ಸರ್ ಬಂದ ಮೇಲೆ ಹಿತ್ತಲಲ್ಲಿ ಬಿದ್ದಿರುವ ಒರಳುಕಲ್ಲನ್ನಾಗಲಿ ಹಳೆಯ ಕಲ್ಲುಬಾನಿಯನ್ನಾಗಲಿ ನೀರಿನ ಪಾತ್ರೆಯಾಗಿ ಇಟ್ಟರೆ, ಜಪಾನೀಯರ ‘ತ್ಸುಕುಬಾಯಿ’ಗೆ ಅದು ಏನೂ ಕಡಿಮೆಯಲ್ಲ. ಬೇಸಿಗೆಯಲ್ಲಿ ಗುಬ್ಬಿ, ಬೆಳವಗಳು ಅದರಲ್ಲಿ ನೀರು ಕುಡಿಯುತ್ತವೆ. ಆದರೆ ವಾರಕ್ಕೆ ಒಮ್ಮೆಯಾದರೂ ನೀರನ್ನು ಪೂರ್ತಿಯಾಗಿ ಚೆಲ್ಲಿ, ಉಜ್ಜಿ ತೊಳೆದು ಒಣಗಿಸಲೇಬೇಕು. ನಿಂತ ನೀರಿನಲ್ಲಿ ಸೊಳ್ಳೆಯ ಮೊಟ್ಟೆಗಳು ವಾರ ಹತ್ತು ದಿನಗಳಲ್ಲಿ ಸೊಳ್ಳೆಗಳಾಗಿ ಹಾರುತ್ತವೆ. ಡೆಂಗಿ ಜ್ವರವು ಹೀಗೆಯೇ ಹರಡುತ್ತದೆ. ಚೆಲ್ಲುವ ನೀರನ್ನು ಗಿಡದ ಬುಡಕ್ಕೆ ಹಾಕಿದರೆ ವ್ಯರ್ಥವಾಗದು.

ಕಲ್ಲಿನ ದೀಪವು ಜಪಾನಿನಲ್ಲಿ ದೇವಾಲಯದಿಂದ ತೋಟಕ್ಕೆ ಬಂದದ್ದು. ನಮ್ಮಲ್ಲಿ ದೀಪಸ್ತಂಭಗಳು ಗುಡಿಯ ಮುಂದೆಯೇ ಉಳಿದಿವೆ. ಅವು ಅಲ್ಲಿಯೇ ಇರಲಿ. ಸಿಮೆಂಟಿನಲ್ಲಿ ಎರಕ ಹೊಯ್ದ ಅನುಕರಣದ ದೀಪಗಳಿಗಿಂತ, ಕಾಂಪೌಂಡ್ ಗೋಡೆಯಲ್ಲಿ ಒಂದು ದೀಪದ ಗೂಡನ್ನು ಬಿಡಿಸಿಕೊಳ್ಳುವುದು ಲೇಸು.

ಗಿಡಮರಗಳು

ಗಿಡಗಳ ಸಂಖ್ಯೆ ಕಡಿಮೆಯಿರಬೇಕು. ಈ ಪದ್ಧತಿಯಲ್ಲಿ ಹೂವಿನ ಬಣ್ಣಕ್ಕಿಂತ ಎಲೆಯ ಹಸಿರಿಗೂ ಕೊಂಬೆಯ ಆಕಾರಕ್ಕೂ ಬೆಲೆ ಹೆಚ್ಚು. ಜಪಾನೀಯರು ಪೈನ್ ಮರವನ್ನು ವರ್ಷ ವರ್ಷವೂ ಕತ್ತರಿಸಿ, ಗಾಳಿಗೆ ಬಾಗಿದ ಮುದಿ ಮರದಂತೆ ತಿದ್ದುತ್ತಾರೆ. ಇಲ್ಲಿ ಆ ಸ್ಥಾನಕ್ಕೆ ಬನ್ನಿ, ಹುಣಸೆ, ದಾಳಿಂಬೆಗಳಲ್ಲಿ ಒಂದನ್ನು ಆರಿಸಬಹುದು. ಹುಣಸೆಯು ನಿಧಾನವಾಗಿ ಬೆಳೆದು ಕತ್ತರಿಯನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಆದರೆ ಕತ್ತರಿಸದೆ ಬಿಟ್ಟರೆ ಹೆಮ್ಮರವಾಗುವುದೆಂಬುದನ್ನು ಮರೆಯಬಾರದು. ದಾಳಿಂಬೆಯು ಸಣ್ಣ ಅಂಗಳಕ್ಕೆ ಸುರಕ್ಷಿತ, ಹಣ್ಣೂ ದೊರೆಯುತ್ತದೆ. ನೆರಳಿಗೆ ಬೇವನ್ನು ಬಯಸುವವರು ಗೋಡೆಯಿಂದ 20 ಅಡಿ ದೂರದಲ್ಲಿ ನೆಡತಕ್ಕದ್ದು. ಅರಳಿ, ಆಲಗಳನ್ನು ಮನೆಯ ಸಮೀಪದಲ್ಲಿ ನೆಲಕ್ಕೆ ನೆಟ್ಟರೆ ಬೇರುಗಳು ತಳಪಾಯವನ್ನು ಕೆಡಿಸುತ್ತವೆ.

ಪಾಚಿಗೆ ಬದಲಾಗಿ ಕಲ್ಲಿನ ಬುಡದಲ್ಲಿ ಅಂಗೈಯಗಲ ಗರಿಕೆಯನ್ನು ಬಿಡಬಹುದು. ಅದು ಹಬ್ಬಿ ಜಲ್ಲಿಯೊಳಗೆ ನುಗ್ಗದಂತೆ ಸುತ್ತಲೂ ಅರ್ಧ ಅಡಿ ಆಳಕ್ಕೆ ಪರಸಿಯ ಚೂರುಗಳನ್ನು ನಿಲ್ಲಿಸಬೇಕು. ಲೋಳೆಸರ, ತುಳಸಿ, ನಿತ್ಯಪುಷ್ಪಗಳು ಸ್ವಲ್ಪ ನೀರಿನಲ್ಲಿ ಬಾಳುತ್ತವೆ. ಗಾಳಿ ಧೂಳುಗಳ ತಡೆಗೆ ನೈರುತ್ಯ ದಿಕ್ಕಿನಲ್ಲಿ ಬಿದಿರಿನ ತಟ್ಟಿಯನ್ನು ಕಟ್ಟಿಸುವುದು ಒಳ್ಳೆಯದು. ಊರ ಮೇದಾರರಿಗೂ ಅದರಿಂದ ಕೆಲಸ ದೊರೆಯುತ್ತದೆ.

ಕಣಗಿಲೆಯು ಬರಕ್ಕೆ ಬಗ್ಗದ ಗಿಡವೇನೋ ಹೌದು. ಆದರೆ ಅದರ ಎಲೆ, ಕೊಂಬೆಗಳೆಲ್ಲ ವಿಷ. ದನಕರುಗಳೂ ಮಕ್ಕಳೂ ತಿರುಗಾಡುವ ಅಂಗಳದಲ್ಲಿ ಅದಕ್ಕೆ ಜಾಗವಿರಬಾರದು. ಬಳ್ಳಾರಿ ಜಾಲಿಯನ್ನು ಬೇಲಿಯ ನೆಪದಲ್ಲಿ ಕೂಡ ಒಳಗೆ ಬಿಡಬಾರದು; ಒಮ್ಮೆ ಬೇರೂರಿದರೆ ಹೊಲಗಳನ್ನೂ ಹಳ್ಳಗಳನ್ನೂ ಆಕ್ರಮಿಸುತ್ತದೆ.

ಮಳೆಯ ನೀರನ್ನು ಕೂಡಿಸುವುದು

ಈ ತೋಟಕ್ಕೆ ಬೇಕಾದ ಅಲ್ಪ ನೀರನ್ನು ಮನೆಯ ಮಾಳಿಗೆಯಿಂದಲೇ ಪಡೆಯಬಹುದು. 1000 ಚದರ ಅಡಿಯ ಮಾಳಿಗೆಯೆಂದರೆ ಸುಮಾರು 93 ಚದರ ಮೀಟರು. ಅದರ ಮೇಲೆ 25 ಮಿಲಿಮೀಟರಿನ ಒಂದು ಮಳೆ ಬಿದ್ದರೆ 2300 ಲೀಟರು ನೀರಾಗುತ್ತದೆ. ಐದರಲ್ಲಿ ಒಂದು ಪಾಲು ಹಾಳಾದರೂ 1800 ಲೀಟರು ಉಳಿಯುವುದು. ಮೊದಲ ಮಳೆಯ ಕೊಳೆನೀರನ್ನು ಹೊರಬಿಟ್ಟು, ಉಳಿದುದನ್ನು ಮುಚ್ಚಳವಿರುವ ತೊಟ್ಟಿಯಲ್ಲಿ ತುಂಬಬೇಕು. ತೊಟ್ಟಿ ತುಂಬಿದ ಮೇಲೆ ಹೊರಬರುವ ನೀರನ್ನು ತೋಟದ ತಗ್ಗಿನ ಮೂಲೆಯಲ್ಲಿ, ಮನೆಯ ತಳಪಾಯದಿಂದ ದೂರದಲ್ಲಿ ತೋಡಿದ ಇಂಗುಗುಂಡಿಗೆ ಹರಿಸತಕ್ಕದ್ದು. ಗುಂಡಿಯ ಬಾಯಿಗೆ ದಪ್ಪ ಗುಂಡುಕಲ್ಲುಗಳನ್ನು ಹಾಸಿದರೆ ಅದೇ ಒಣಹೊಳೆಯ ಕೊನೆಯಂತೆ ಕಾಣುತ್ತದೆ. ಮಳೆ ಬಂದ ದಿನ ಆ ಹೊಳೆಯಲ್ಲಿ ನಿಜವಾಗಿಯೇ ನೀರು ಹರಿಯುವುದು.

ಐದು ಗಿಡಗಳಿಗೆ ವಾರಕ್ಕೆ ಎರಡು ಸಲ, ಒಂದೊಂದಕ್ಕೆ ಒಂದು ಕೊಡದಂತೆ ಹಾಕಿದರೆ ವಾರಕ್ಕೆ 150 ಲೀಟರು. ಹುಲ್ಲುಹಾಸು ಒಂದು ವಾರದಲ್ಲಿ ಕುಡಿಯುವ 3500 ಲೀಟರಿನೊಡನೆ ಇದನ್ನು ಹೋಲಿಸಿ ನೋಡಬಹುದು. ಎರಡು ಮೂರು ವರ್ಷಗಳಲ್ಲಿ ಬೇರು ಆಳಕ್ಕೆ ಇಳಿದ ಮೇಲೆ ಇದೂ ಅರ್ಧವಾಗುತ್ತದೆ.

ಕೆಲಸದ ಕಾಲಕ್ರಮ

ನೆಲ ಅಗೆಯುವುದು, ಗರಸು ತುಂಬುವುದು, ಕಲ್ಲು ಸಾಗಿಸುವುದು, ಇವನ್ನು ಸುಗ್ಗಿ ಮುಗಿದ ಮೇಲೆ ಫೆಬ್ರುವರಿಯಿಂದ ಏಪ್ರಿಲಿನೊಳಗೆ ಮಾಡಿಸುವುದು ಯುಕ್ತ. ಆಗ ಹೊಲದಲ್ಲಿ ಕೆಲಸ ಕಡಿಮೆಯಿದ್ದು, ಕೂಲಿಯವರಿಗೂ ಉದ್ಯೋಗ ದೊರೆಯುತ್ತದೆ. ಕಲ್ಲು ನಿಲ್ಲಿಸಿದ ತರುವಾಯ ಒಂದು ಮಳೆಗಾಲ ನೆಲವು ಕೂಡುವುದಕ್ಕೆ ಬಿಡಬೇಕು. ಮೃಗಶಿರಾ ಮಳೆಯ ಹದ ನೋಡಿ ಸಸಿಗಳನ್ನು ನೆಡತಕ್ಕದ್ದು. ಹುಬ್ಬಿ, ಉತ್ತರಿ ಮಳೆಗಳಲ್ಲಿ ನೀರು ಎಲ್ಲಿ ನಿಲ್ಲುತ್ತದೆಂದು ಗಮನಿಸಿ ಇಳಿಜಾರನ್ನು ಸರಿಪಡಿಸಬೇಕು. ಜಲ್ಲಿಯನ್ನು ದೀಪಾವಳಿಯ ತರುವಾಯ ಹಾಸಿದರೆ ಕೆಸರು ತಾಗದು.

ತೋಟಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಸಸಿಗಳ ವಿಷಯವಾಗಿಯೂ, ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಮಣ್ಣಿನ ವಿಷಯವಾಗಿಯೂ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಪಾಲನೆ

ಇದು ಆರೈಕೆಯೇ ಬೇಡದ ತೋಟವೆಂದು ತಿಳಿಯುವುದು ತಪ್ಪು. ನೀರಿನ ಖರ್ಚು ಕಡಿಮೆ, ಗಮನದ ಖರ್ಚು ಹೆಚ್ಚು. ಬಿದ್ದ ಎಲೆಗಳನ್ನು ದಿನವೂ ಆರಿಸಬೇಕು. ಎಲೆ ಕೊಳೆತು ಜಲ್ಲಿಯಲ್ಲಿ ಮಣ್ಣಾದರೆ ಕಸ ಬೆಳೆಯುತ್ತದೆ. ವಾರಕ್ಕೊಮ್ಮೆ ಹಲುಬೆಯಿಂದ ಗೆರೆಗಳನ್ನು ತಿದ್ದಬೇಕು. ಕಳೆಯನ್ನು ಕೈಯಿಂದ ಕೀಳತಕ್ಕದ್ದೇ ಹೊರತು ವಿಷದ ಔಷಧಿಯನ್ನು ಸಿಂಪಡಿಸಬಾರದು. ಇಂಗುಗುಂಡಿಗೆ ಇಳಿದ ವಿಷವು ಬಾವಿಯನ್ನು ಸೇರುತ್ತದೆ. ಮರವನ್ನು ವರ್ಷಕ್ಕೆರಡು ಸಲ, ಮಳೆಗಾಲದ ಕೊನೆಯಲ್ಲಿಯೂ ಬೇಸಿಗೆಗೆ ಮುಂಚೆಯೂ ಕತ್ತರಿಸಬೇಕು. ಒಮ್ಮೆಗೆ ಕೊಂಬೆಗಳ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ನಾಲ್ಕೈದು ವರ್ಷಗಳಿಗೊಮ್ಮೆ ಜಲ್ಲಿಯನ್ನು ಎತ್ತಿ ಜರಡಿ ಹಿಡಿದು ಮತ್ತೆ ಹಾಸಿದರೆ ಹೊಸದರಂತಾಗುತ್ತದೆ.

ಆಳನ್ನು ನಂಬಿ ಬಿಡುವುದಕ್ಕಿಂತ ಮನೆಯವರೇ ಈ ಕೆಲಸವನ್ನು ಹಂಚಿಕೊಳ್ಳುವುದು ಲೇಸು. ಜಪಾನಿನ ಜೆನ್ ಮಠಗಳಲ್ಲಿ ಅಂಗಳದ ಗುಡಿಸುವಿಕೆಯನ್ನು ಭಿಕ್ಷುಗಳೇ ಸಾಧನೆಯ ಅಂಗವಾಗಿ ಮಾಡುತ್ತಾರೆ. ಗೌಡನ ಕೈಯಲ್ಲಿ ಬೆಳಗಿನ ಹೊತ್ತು ಹಲುಬೆಯನ್ನು ಕಂಡ ಊರವರು ನಗಬಹುದು. ಆದರೆ ಬೇಸಿಗೆಯ ನಡುವೆ, ಕಾಲುವೆ ಒಣಗಿದ ತಿಂಗಳಿನಲ್ಲಿ, ಊರಿನ ಒಂದು ಕೊಡ ನೀರನ್ನೂ ಕಸಿಯದೆ ಅಂದವಾಗಿ ನಿಂತ ಅಂಗಳವನ್ನು ನೋಡಿದ ಮೇಲೆ, ಅಂಥದನ್ನು ತಮ್ಮ ಮನೆಯ ಮುಂದೆಯೂ ಮಾಡಿಸಲು ಏನು ಬೇಕೆಂದು ಕೇಳುವವರು ಅವರೇ ಆಗುತ್ತಾರೆ.